ನಮ್ಮ ವಕೀಲರ ಮುಂಗಾಲು

ನಾಯಿಗೆ ಉರ್ದು ಕಲಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ವರ್ಷಗಟ್ಟಲೆ ಅವರ ಮನೆಯಲ್ಲಿ ಊಟ ಮಾಡಿದ್ದೇನೆ. ಅವರು ನನ್ನ ಸೋದರಮಾವ. ಬಸವಕಲ್ಯಾಣದಲ್ಲಿ ಅವರದೊಂದು ಕಿರಾಣಿ ಅಂಗಡಿ. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ಹಾಕಿದಾಗ ನಾನು ಅವರ ಮನೆಯಲ್ಲೇ ಇದ್ದೆ.

ಮಾವ ನಿಜಾಮರ ಕಾಲದ ಶಾಲೆಯಲ್ಲಿ ಕಲಿತವರು. ಅವರ ಲೆಕ್ಕದಲ್ಲಿ ದೇವರಿಗೆ ಕನ್ನಡ, ವ್ಯಾಪಾರಕ್ಕೆ ಮರಾಠಿ, ಮರ್ಯಾದೆಗೆ ಉರ್ದು. ಸರಿ, ಆ ಮರ್ಯಾದೆ ಮನೆಯಲ್ಲಿ ಯಾರಿಗೆ ಸಲ್ಲುತ್ತಿತ್ತು? ಅತ್ತೆಗೆ ಅಲ್ಲ. ನನಗಂತೂ ಅಲ್ಲವೇ ಅಲ್ಲ. ನಾಯಿಗೆ! ಬೆಳಿಗ್ಗೆ ಮಾವ “ತಶ್ರೀಫ್ ಲಾಯಿಯೇ, ವಕೀಲ್ ಸಾಬ್” ಎಂದರೆ ಸಾಕು, ಅದು ಕಟ್ಟೆಯಿಂದಿಳಿದು ಗಂಭೀರವಾಗಿ ಒಳಗೆ ಬರುತ್ತಿತ್ತು. ಅತ್ತೆ “ಹಚಾ, ಹೊರಗ ನಡಿ!” ಎಂದು ಎಷ್ಟು ಕೂಗಿದರೂ, ಈ ಭಾಷೆ ತನಗೆ ಬಾರದು ಎನ್ನುವ ಹಾಗೆ ರೊಟ್ಟಿಬುಟ್ಟಿಯ ಪಕ್ಕದಲ್ಲೇ ಮಲಗಿರುತ್ತಿತ್ತು.

ಮೈಯೆಲ್ಲ ಕಪ್ಪು, ಗಂಟಲ ಕೆಳಗೊಂದು ಬಿಳಿ ಪಟ್ಟಿ, ಯಾರೇ ಬಂದರೂ ಮೊದಲು ತಕರಾರು. ವಕೀಲ ಎಂದಲ್ಲದೆ ಇನ್ನೇನು ಹೆಸರಿಡಬೇಕು?

ಅಂಥ ವಕೀಲರು ಒಂದು ಬೇಸಿಗೆಯಲ್ಲಿ ಕುಂಟತೊಡಗಿದರು. ಎಡ ಮುಂಗಾಲಿನ ಗೆಣ್ಣಿನ ಮೇಲೆ ಬಾವು. ಎಲ್ಲೋ ಜಿಗಿದು ಉಳುಕಿರಬೇಕೆಂದು ಮಾವ ಅರಿಸಿನ, ಸುಣ್ಣ ಹಚ್ಚಿದರು. ಬಾವು ಇಳಿಯಲಿಲ್ಲ, ಕಲ್ಲಿನಂತೆ ಗಟ್ಟಿಯಾಯಿತು. ಕಡೆಗೆ ಒಂದು ದಿನ ಕಾಲು ಮುಟ್ಟಿದ್ದೇ ತಡ, ಮಾವನ ಕೈಯನ್ನೇ ಕಚ್ಚಲು ಬಂದು, ಕಚ್ಚದೆ, ಮುಖ ಆಚೆ ತಿರುಗಿಸಿಕೊಂಡಿತು. ಅಂದು ಮಾವ ಅಂಗಡಿ ತೆರೆಯಲಿಲ್ಲ. ಕಂಬಳಿಯಲ್ಲಿ ನಾಯಿಯನ್ನು ಸುತ್ತಿ ಎತ್ತಿಕೊಂಡರು. ನಾನೂ ಜೊತೆಗೆ ಹೊರಟೆ.

ಹುಮನಾಬಾದಿನ ಬಸ್ಸಿನಲ್ಲಿ ಕಂಡಕ್ಟರು ಗಾಬರಿಯಾಗಿ ಕೇಳಿದ, “ಯಾರಿಗೇನಾಗ್ಯದ್ರಿ?”

“ವಕೀಲ್ರು. ಕಾಲು ಭಾಳ ನೋಯಾಕತ್ತದ,” ಎಂದರು ಮಾವ.

ಪಾಪ, ಆತ ಮುಂದಿನ ಸೀಟಿನವರನ್ನೆಲ್ಲ ಎಬ್ಬಿಸಿ ಜಾಗ ಮಾಡಿಸಿದ. ಬಸ್ಸು ಊರು ದಾಟಿದ ಮೇಲೆ ಕಂಬಳಿಯಿಂದ ಒಂದು ಕಪ್ಪು ಮೂತಿ ಹೊರಗೆ ಬಂತು.

“ಇದು ನಾಯಿ ಅದಲ್ರೀ!”

“ನಾ ಯಾವಾಗ ಅಲ್ಲ ಅಂದೆ?”

ಹುಮನಾಬಾದಿನ ದನದ ದವಾಖಾನೆಯ ಡಾಕ್ಟರು ಕಾಲನ್ನು ಮೆಲ್ಲಗೆ ಒತ್ತಿ ನೋಡಿದರು. ಎಕ್ಸ್‌ರೇ ಬೇಕು ಎಂದರು. ದನದ ದವಾಖಾನೆಯಲ್ಲಿ ಎಕ್ಸ್‌ರೇ ಎಲ್ಲಿಂದ ಬರಬೇಕು? ಅವರ ಗೆಳೆಯರೊಬ್ಬರದು ಮನುಷ್ಯರ ಎಕ್ಸ್‌ರೇ ಅಂಗಡಿ ಇತ್ತು. ಅಲ್ಲಿ ನಾಯಿಯನ್ನು ಮೇಜಿನ ಮೇಲೆ ಮಲಗಿಸಿದ್ದಾಯಿತು. ಗೆಳೆಯರು ಅಭ್ಯಾಸಬಲದಿಂದ “ಉಸಿರು ಹಿಡೀರಿ” ಎಂದುಬಿಟ್ಟರು! ಮಾವ ತಕ್ಷಣ ತರ್ಜುಮೆ ಮಾಡಿದರು, “ಹುಜೂರ್, ಸಾಂಸ್ ರೋಕಿಯೇ.” ವಕೀಲರು ನಾಲಿಗೆ ಚಾಚಿ ತೇಕುತ್ತಲೇ ಇದ್ದರು. ಫೋಟೋ ಮುಗಿದ ಮೇಲೆ ತಿರುಗಿ ನೋಡಿದರೆ, ಮಾವ ಮುಖ ಕೆಂಪೇರಿಸಿಕೊಂಡು ಉಸಿರು ಹಿಡಿದು ನಿಂತಿದ್ದಾರೆ!

ನಕ್ಕದ್ದು ಅಷ್ಟೇ. ಫೋಟೋವನ್ನು ಬೆಳಕಿಗೆ ಹಿಡಿದು ಡಾಕ್ಟರು ಹೇಳಿದರು, “ಎಲುಬಿನ ಕ್ಯಾನ್ಸರ್ ಅನಸ್ತದ್ರಿ. ಈ ಕಾಲು ಉಳಿಯಂಗಿಲ್ಲ. ಕಾಲು ತೆಗದ್ರ ನೋವು ಹೋಗ್ತದ. ಆಮ್ಯಾಗ ಎಷ್ಟು ದಿನ ಇರ್ತದ ಅಂತ ನಾ ಹೇಳಲಾರೆ. ಒಂದು ವರ್ಷ ಸಿಕ್ಕರ ನಮ್ಮ ಪುಣ್ಯ.”

ಮರಳುವ ಬಸ್ಸಿನಲ್ಲಿ ಮಾವ ಪಕ್ಕದವರ ಮುಂದೆ ಕಣ್ಣೊರೆಸಿಕೊಂಡರು. “ನಮ್ಮ ವಕೀಲ್ರಿಗೆ ಕ್ಯಾನ್ಸರ್ ಅಂತ್ರಿ. ಕಾಲು ತೆಗೀಬೇಕಂತ.” ನಾಯಿ ಸೀಟಿನ ಕೆಳಗೆ ಮಲಗಿತ್ತು. ಪಕ್ಕದವರಿಗೆ ಕಾಣಲಿಲ್ಲ.

ನಮ್ಮ ಓಣಿಯ ಕೊನೆಯಲ್ಲಿ ನಿಜವಾದ ವಕೀಲರೊಬ್ಬರಿದ್ದರು ಎಂದು ಮೊದಲೇ ಹೇಳಬೇಕಿತ್ತು, ಅಲ್ಲವೇ? ಮರುದಿನ ಬೆಳಿಗ್ಗೆಯಿಂದ ಅವರ ಮನೆಗೆ ಜನವೋ ಜನ. ಕೈಯಲ್ಲಿ ಮೋಸಂಬಿ, ಮುಖದಲ್ಲಿ ಶೋಕ. ಹುಲಸೂರಿನಿಂದ ಬಂದ ಕಕ್ಷಿದಾರನೊಬ್ಬ ಅವರ ಎರಡೂ ಕಾಲು ಹಿಡಿದು, “ಯಾವುದ್ರಿ ಸಾಹೇಬ್ರ?” ಎಂದು ಅಳುತ್ತ ಕೇಳಿದನಂತೆ!

ಮಧ್ಯಾಹ್ನಕ್ಕೆ ಅವರು ನಮ್ಮ ಮನೆಗೆ ನುಗ್ಗಿದರು. “ನನ್ನ ಕಾಲು ಕಡಿಸಾಕ ನೀ ಯಾರಪಾ?” ಎಂಬ ಗರ್ಜನೆ ಅಂಗಳಕ್ಕೆ ಮೊದಲು ಬಂತು. ಬಂದವರ ಮೇಲೆ ತಕರಾರು ತೆಗೆಯುವುದು ನಮ್ಮ ವಕೀಲರ ಕೆಲಸವಲ್ಲವೇ? ಅದು ಬೊಗಳಲೆಂದು ಏಳಹೋಯಿತು. ಏಳಲಾಗಲಿಲ್ಲ. ಕುಸಿದು, ಮಲಗಿದಲ್ಲಿಂದಲೇ ಒಮ್ಮೆ ಬಾಲ ಬಡಿಯಿತು. ಓಣಿಯ ವಕೀಲರು ಹಾಗೆಯೇ ನಿಂತರು. ಆಮೇಲೆ ಕಟ್ಟೆಯ ಮೇಲೆ ಕೂತು ಮೆಲ್ಲಗೆ ಹೇಳಿದರು, “ನಂದು ಜೀಪ್ ಅದ. ಯಾವತ್ತು ಹೋಗೂದು ಹೇಳು.”

ಆದರೆ ಮಾವ ಹೇಳಬೇಕಲ್ಲ! ಅಂಗಡಿಗೆ ಬಂದವರನ್ನೆಲ್ಲ ಹಿಡಿದು ಸಲಹೆ ಕೇಳುವುದು, ಸಲಹೆ ಕೊಟ್ಟವರ ಜೊತೆ ಜಗಳಾಡುವುದು, ಇದೇ ಕೆಲಸವಾಯಿತು. ಸೂಜಿ ಹಾಕಿಸಿ ಕಳಿಸಿಬಿಡಿ ಎಂದವನಿಗೆ ಸಕ್ಕರೆ ಸಿಗಲಿಲ್ಲ. “ಮೂರು ಕಾಲಿನ ನಾಯಿ ಕಳ್ಳರನ್ನ ಹ್ಯಾಂಗ ಹಿಡೀತದ್ರಿ?” ಎಂದ ಇನ್ನೊಬ್ಬನಿಗೆ, “ನಾಲ್ಕಿದ್ದಾಗ ಎಷ್ಟು ಮಂದೀನ ಹಿಡದದ?” ಎಂದು ಕೇಳಿದರು. ಮನೆಗೆ ಬಂದರೆ ಊಟ ಬೇಡ. “ಕಾಲಿಲ್ಲದ ಎದ್ದು ನನ್ನ ಮುಖ ನೋಡಿದ್ರ ನಾ ಏನಂತ ಹೇಳ್ಲಿ?” ಎಂದು ಒಂದೇ ಮಾತು.

ಕೊನೆಗೆ ಅತ್ತೆ ರೊಟ್ಟಿ ಬಡಿಯುವ ಕೈ ನಿಲ್ಲಿಸಿದರು. “ಇಲ್ಲಿ ಬಂದು ನೋಡ್ರಿ ಜರಾ. ನೀರು ಕುಡಿಲಾಕ ಹ್ಯಾಂಗ ಹೊಂಟದ? ಆ ಕಾಲು ನೆಲಕ್ಕ ಹಚ್ಚದ ಎಷ್ಟು ದಿನಾ ಆತು! ಆಗ್ಲೇ ಅದು ಮೂರರ ಮ್ಯಾಲ ಅಡ್ಡಾಡಾಕತ್ತದ. ಅದಕ್ಕ ಗೊತ್ತಾಗ್ಯದ, ನಿಮಗ ಗೊತ್ತಾಗವಲ್ದು. ಸುಮ್ಮನ ಆ ನೋವು ಯಾಕ ಹೊರಸ್ತೀರಿ ಅದರ ಮ್ಯಾಲ?”

ಮಾವ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಜೀಪಿನವರ ಮನೆಗೆ ಓಡಿದರು.

ಶಸ್ತ್ರಚಿಕಿತ್ಸೆಯ ದಿನ ಅತ್ತೆಯೂ ಬಂದರು. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು, “ಎತ್ತಿನ ಕೋಡಿನ ಕ್ಯಾನ್ಸರ್ ಬೇಕಾದಷ್ಟು ತೆಗದೀನ್ರಿ. ನಾಯಿ ಕಾಲು ಕಾಲೇಜಿನ್ಯಾಗ ಮಾಡಿದ್ದು, ಆಮ್ಯಾಗ ಇದ ಮೊದಲ.”

ಮಾವ ಕೈಮುಗಿದರು. “ಅವರಿಗೆ ಕೋಡಿಲ್ರಿ ಡಾಕ್ಟರ್ ಸಾಹೇಬ್ರ. ಸ್ವಲ್ಪ ನೋಡ್ಕೊಂಡು ತೆಗೀರಿ.”

ಡಾಕ್ಟರು ನಕ್ಕರು. ನಗುತ್ತಲೇ ಅಂಗಿಯ ತೋಳು ಮಡಚಿಕೊಂಡು ಒಳಗೆ ಹೋದರು. ಹೊರಗೆ ಮಾವ, ಅತ್ತೆ, ಕರಿ ಕೋಟಿನ ವಕೀಲರು ಒಂದೇ ಬೆಂಚಿನ ಮೇಲೆ. ಬಾಗಿಲು ತೆರೆದು ಡಾಕ್ಟರು “ಉಸಿರಾಡಾಕತ್ತದ” ಎಂದಾಗ ಅತ್ತೆ ಸೆರಗಿನಿಂದ ಬೆವರು ಒರೆಸಿದರು. ತಮ್ಮದಲ್ಲ, ಡಾಕ್ಟರದು!

ಗಾಯ ಮಾಯಿತು. ವಕೀಲರು ಓಣಿಗೆ ಇಳಿದರು. ಮೊದಲೆರಡು ಸಲ ಮೂಗು ಮಣ್ಣಿಗೆ ಬಿತ್ತು. ಆಮೇಲೆ ಅವರ ಓಟಕ್ಕೆ ಹೊಸದೊಂದು ಗತ್ತೇ ಬಂತು. ಮಾವನೋ, ಸಿಕ್ಕವರಿಗೆಲ್ಲ ಉಪಕಾರ ಹೇಳುತ್ತ ತಿರುಗಿದರು. ಕಂಡಕ್ಟರಿಗೆ ಬೆಲ್ಲ, ಎಕ್ಸ್‌ರೇಯವರಿಗೆ ಬೆಲ್ಲ, ಜೀಪಿನವರಿಗೆ ಎಷ್ಟು ಬೆಲ್ಲವೆಂದರೆ, “ಇನ್ನ ಕಳಸಬ್ಯಾಡ, ಸಕ್ಕರಿ ಕಾಯಿಲೆ ಬಂದೀತು. ಮತ್ತ ಊರ ಮಂದಿ ನೋಡಾಕ ಬರ್ತಾರ!” ಎಂದು ಅವರೇ ಹೇಳಿ ಕಳಿಸಬೇಕಾಯಿತು.

ಒಂದು ಮಳೆಗಾಲ ಕಳೆಯಿತು. ಒಂದು ಚಳಿಗಾಲವೂ ಕಳೆಯಿತು. ಬೇಸಿಗೆಯ ಬಿಸಿಲೇರುವ ಹೊತ್ತಿಗೆ ಕೆಮ್ಮು ಬಂತು, ರೋಗ ಎದೆಗೆ ಇಳಿದಿತ್ತು. ಒಂದು ಬೆಳಿಗ್ಗೆ ವಕೀಲರು ಅಂಗಳದ ಎಳೆಬಿಸಿಲಲ್ಲಿ ಮಲಗಿದವರು ಏಳಲಿಲ್ಲ.

ಮರುದಿನ ಮಾವ ನನ್ನನ್ನು ಕರೆದುಕೊಂಡು ಹುಮನಾಬಾದಿಗೆ ಹೋದರು. ಡಾಕ್ಟರು ಎಮ್ಮೆಯೊಂದನ್ನು ನೋಡುತ್ತಿದ್ದರು. ನಮ್ಮ ಬರಿಗೈ ಕಂಡು ಅವರಿಗೆ ತಿಳಿಯಿತು. “ಇನ್ನಷ್ಟು ದಿನ ಕೊಡಾಕ ಆಗಲಿಲ್ರಿ,” ಎಂದು ತಲೆ ತಗ್ಗಿಸಿದರು.

“ಹಂಗ್ಯಾಕ ಅಂತೀರಿ? ಭಾಳ ಕೊಟ್ರಿ. ಅದ ಹೇಳಿ ಹೋಗಾಕ ಬಂದೀನಿ. ಭಾಳ ಚಂದ ಓಡಿದರು.”

“ಹ್ಯಾಂಗ ಓಡ್ತಿದ್ರು? ಹೊಲಿಗಿ ಬಿಚ್ಚಿದ ಮ್ಯಾಲ ನಾ ನೋಡ್ಲೇ ಇಲ್ಲ.”

ಮಾವ ಧೋತರ ಎತ್ತಿ ಕಟ್ಟಿದರು. ಎಡಗೈ ಮಡಚಿ ಎದೆಗೆ ಒತ್ತಿಕೊಂಡರು. ಬೆನ್ನು ಬಗ್ಗಿಸಿ, ಒಂದು ಭುಜ ಮುಂದೆ ಹಾಕಿ, ಕತ್ತು ನೆಟ್ಟಗೆತ್ತಿ, ಆ ಎಮ್ಮೆ, ಎತ್ತು, ರೈತರ ನಡುವೆ ಕುಪ್ಪಳಿಸುತ್ತ ಅಂಗಳದ ಆ ತುದಿಯವರೆಗೆ ಓಡಿದರು. ಬಿಳಿಕೂದಲಿನ ಕಿರಾಣಿ ಅಂಗಡಿಯವರು! ಯಾರೂ ನಗಲಿಲ್ಲ. ಎಮ್ಮೆಯ ಹಗ್ಗ ಹಿಡಿದವನು ದಾರಿ ಬಿಟ್ಟು ಸರಿದು ನಿಂತ.

ಏದುಸಿರು ಬಿಡುತ್ತ ಮಾವ ಮರಳಿ ಬಂದರು. ಡಾಕ್ಟರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡು, “ಇನ್ನೊಮ್ಮೆ ತೋರಸ್ರಿ,” ಎಂದರು.

ಮಾವ ಇನ್ನೊಮ್ಮೆ ಓಡಿದರು.