ವಿಡಿಯೊ ಕಾನ್ಫರೆನ್ಸಿನಲ್ಲಿ ನಮ್ಮ ಸೋದರತ್ತೆ

ನಮ್ಮ ಸೋದರತ್ತೆಯ ಬಾಯಿ ಮುಚ್ಚಿಸುವ ಯಂತ್ರವನ್ನು ಯಾವ ವಿಜ್ಞಾನಿಯೂ ಕಂಡುಹಿಡಿದಿಲ್ಲ. ಮೊಬೈಲಿನಲ್ಲಿ ‘ನೀವು ಕರೆ ಮಾಡಿದವರು ಬೇರೆ ಕರೆಯಲ್ಲಿದ್ದಾರೆ’ ಎಂದು ಕೇಳಿಸಿದರೆ, “ನಡುವ ನೀ ಯಾರವ್ವಾ? ಅವನ ಕೈಯಾಗ ಕೊಡು” ಎನ್ನುತ್ತಿದ್ದಳು. ಅದು ರೆಕಾರ್ಡ್ ಮಾಡಿದ ಧ್ವನಿಯೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಜಗಳ ಬಿಡಬೇಕೆ? ರಾಣೆಬೆನ್ನೂರಿನ ಬಸ್ ನಿಲ್ದಾಣದ ಮೈಕು ‘ಪ್ರಯಾಣಿಕರು ಸಹಕರಿಸಬೇಕು’ ಎಂದರೆ ಕತ್ತೆತ್ತಿ, “ಮೊದ್ಲ ಬಸ್ ಬಿಡ್ರಿ, ಆಮ್ಯಾಲ ಸಹಕರಿಸ್ತೀವಿ” ಎನ್ನುವಳು. ಒಮ್ಮೆ ಬಸ್ಸು ನಿಜವಾಗಿಯೂ ಹೊರಟಿತು. ವಾದದ ಭರದಲ್ಲಿ ಅತ್ತೆ ಹತ್ತುವುದನ್ನೇ ಮರೆತಿದ್ದಳು.

ಇಂಥವಳನ್ನು ಮೇಡ್ಲೇರಿ ಕಡೆಯ ನಮ್ಮ ಹಳ್ಳಿಯವರು ಪಂಚಾಯ್ತಿ ಸದಸ್ಯೆಯನ್ನಾಗಿ ಆರಿಸಿದರು. ಆಗಷ್ಟೇ ಹಾವೇರಿಗೆ ವಿಡಿಯೊ ಕಾನ್ಫರೆನ್ಸ್ ಬಂದಿತ್ತು. ಬೆಂಗಳೂರಿನ ಸಾಹೇಬರು ಪರದೆಯ ಮೇಲೆ ಎಲ್ಲ ಜಿಲ್ಲೆಗಳ ಸದಸ್ಯರೊಂದಿಗೆ ಮಾತನಾಡುವವರಿದ್ದರು. ಅತ್ತೆಯನ್ನು ಬೈಕಿನ ಮೇಲೆ ಕರೆದೊಯ್ದವನು ನಾನು. ಅವಳ ಸೆರಗಿನಡಿ ಒಂದು ಬಾಟಲಿ ಇತ್ತು.

ಸಭಾಂಗಣದ ಆಪರೇಟರ್ ಹೇಳಿದ: “ಅಕ್ಕಾರ, ಸಾಹೇಬ್ರು ಹೇಳಿದ್ದು ಕೇಳಬೇಕು ಅಷ್ಟ. ನಮ್ಮ ಮೈಕ್ ಬಂದ್ ಇರ್ತೈತಿ.”

“ಅವರ ಕಣ್ಣೂ ಬಂದ್ ಇರ್ತಾವೇನು?”

“ಇಲ್ರಿ, ಕ್ಯಾಮೆರಾದಾಗ ನಿಮ್ಮನ್ನ ನೋಡ್ತಾರ.”

“ಅಷ್ಟ ಸಾಕು.”

ಸಾಹೇಬರು ‘ಎಲ್ಲ ಹಳ್ಳಿಗಳಿಗೂ ಶುದ್ಧ ನೀರು ತಲುಪಿದೆ’ ಎನ್ನುತ್ತಿದ್ದಂತೆ ಅತ್ತೆ ಎದ್ದಳು. ನೇರ ಕ್ಯಾಮೆರಾದ ಮುಂದೆ ನಿಂತು ಬಾಟಲಿ ಎತ್ತಿ ಹಿಡಿದಳು. ಒಳಗೆ ಕೆಮ್ಮಣ್ಣಿನಂಥ ನೀರು.

“ಕುಂದರ್ರಿ ಅಕ್ಕಾರ, ಹಾವೇರಿ ಜಿಲ್ಲಾನ ಕಾಣವಲ್ದು” ಎಂದು ಆಪರೇಟರ್ ಗೋಗರೆದ.

“ನಾ ಏನು ಬ್ಯಾರೆ ಜಿಲ್ಲಾದಾಕೀನೇನು?”

ಸಭಾಂಗಣದಲ್ಲಿದ್ದ ಅಧಿಕಾರಿಗಳು ಸನ್ನೆ ಮಾಡಿದರು, ಗದರಿದರು. ಅತ್ತೆ ಕೈ ಸೋತಾಗ ಬಾಟಲಿಯನ್ನು ಇನ್ನೊಂದು ಕೈಗೆ ಬದಲಿಸಿದಳೇ ಹೊರತು ಕದಲಲಿಲ್ಲ. ಕೊನೆಗೆ ಪರದೆಯ ಮಾತು ತಡವರಿಸಿತು. “ಹಾವೇರಿಯಲ್ಲಿ ಯಾರದು ಅಡ್ಡ ನಿಂತವರು? ಅವರಿಗೆ ಮೈಕ್ ಕೊಡಿ.”

“ನಮಸ್ಕಾರ್ರಿ. ಹೊಳಿ ಮಗ್ಗಲದಾಗ ಇದ್ದೀವಿ, ನಳದಾಗ ಇದು ಬರ್ತೈತಿ. ಇದನ್ನ ಕುಡದು ಸಣ್ಣ ಮಕ್ಕಳು ಜಡ್ಡಾಗಿ ಮಲಗ್ಯಾವ. ಪೈಪ್ ಒಡದೈತಿ ಅಂತ ಹೇಳಿ ಹೇಳಿ ಸಾಕಾಗೇತಿ. ಯಾವಾಗ ಮಾಡ್ತೀರಿ ಅಂತ ನೀವು ಹೇಳೂತನಕ ನಾ ಕುಂದ್ರಂಗಿಲ್ಲ.”

ಸಾಹೇಬರು ಪಕ್ಕದವರೊಡನೆ ಪಿಸುಗುಟ್ಟಿದರು. “ಸೋಮವಾರ ಕೆಲಸ ಶುರುವಾಗುತ್ತಮ್ಮ” ಎಂದರು. ಸೋಮವಾರವೇ ಶುರುವಾಯಿತು ಕೂಡ.

ಇನ್ನಾದರೂ ಕೂರುತ್ತಾಳೆಂದು ಎಲ್ಲರೂ ಉಸಿರುಬಿಟ್ಟರು. ಅತ್ತೆ ಪರದೆಯ ಹತ್ತಿರ ಹೋಗಿ ಆ ಮುಖವನ್ನೇ ನೋಡಿದಳು. ಅವಳ ದನಿ ಇಳಿದಿತ್ತು.

“ಸಾಹೇಬ್ರ, ಮಾರಿ ಬಾಡೇತಿ. ಊಟ ಆಗೇತೇನ್ರಿ?”

ಅವರು ಕೈಯಲ್ಲಿದ್ದ ಕಾಗದಗಳನ್ನು ಕೆಳಗಿಟ್ಟರು. “ಇಲ್ಲಮ್ಮ. ಬೆಳಗಿನಿಂದ ಇಲ್ಲೇ ಕೂತಿದೀನಿ.”

“ಉಂಡು ಬರ್ರಿ. ನಾವು ಕುಂತಿರ್ತೀವಿ.”

ಅವರು ಎದ್ದರು. ಪರದೆಯ ಮೇಲೆ ಖಾಲಿ ಕುರ್ಚಿ ಉಳಿಯಿತು. ಅದರ ಸುತ್ತಲಿನ ಸಣ್ಣ ಚೌಕಗಳಲ್ಲಿ ಕಾಣುತ್ತಿದ್ದ ಯಾವ ಜಿಲ್ಲೆಯವರೂ ಎದ್ದು ಹೋಗಲಿಲ್ಲ.