ಮಣ್ಣಿಗೆ ಹೆಪ್ಪು

ಗೋವಾದಿಂದ ಕರ್ನಾಟಕಕ್ಕ ಬಾಟ್ಲಿ ಕದ್ದು ಒಯ್ಯೋವ್ರನ್ನ ನೀವು ನೋಡಿರಬೇಕು. ಕರ್ನಾಟಕದಿಂದ ಗೋವಾಕ್ಕ ಮಣ್ಣು ಕದ್ದು ತಂದಾಕೀನ್ನ ನೋಡೀರೇನು? ನಮ್ಮ ದೊಡ್ಡವ್ವ ತಂದಾಳ!

ಎಂಬತ್ತರ ದಶಕದ ಕಡೀ ಮಾತು. ಗೋವಾ ಗಡಿಯ ಮೊಲೆಂ ನಾಕಾದಾಗ ಪೊಲೀಸಪ್ಪ ಬಸ್ ಹತ್ತಿ ಆಕಿ ಗಂಟು ಬಿಚ್ಚಿಸಿದ. ಒಳಗ ಕರೀ ಮಣ್ಣು. ಮೂಸಿ ನೋಡಿದ, ಬೆರಳಾಗ ತಿಕ್ಕಿ ನೋಡಿದ.

"ಹೆಪ್ಪು ಐತ್ರಿ ಸಾಹೇಬ್ರ," ಅಂದ್ಲು.

ಹಾಲಿಗೆ ಹೆಪ್ಪು ಹಾಕೋದು ಅವಗೂ ಗೊತ್ತಿತ್ತು, ಮಣ್ಣಿಗೆ ಹಾಕೋದು ಕೇಳಿರ್ಲಿಲ್ಲ ಪಾಪ. ಕೈ ಮುಗದು ಇಳದು ಹೋದ.

ಅವ್ವ ತೀರಿಕೊಂಡ ಮ್ಯಾಲ ನನ್ನ ಸಾಕಿದಾಕಿ ಈಕೀನ. ಗೋವಾದ ಝುವಾರಿನಗರದಾಗ ನಮ್ಮದು ತಗಡಿನ ಮನಿ, ಸುತ್ತ ಬರೇ ಕೆಂಪು ಗರಸು. ನನ್ನ ಮದುವಿಗೆ ಅಂಗಡಿ ಅರಿಷಿಣ ಹಚ್ಚಾಕ ಬಿಡೂದಿಲ್ಲ, ತಾನ ಬೆಳೀತೇನಿ ಅಂತ ಆಕಿ ಹಟ. ಎಣ್ಣಿ ಡಬ್ಬಿಗೆ ಗರಸು ತುಂಬಿ, ಗಂಟಿನ ಅರ್ಧ ಮಣ್ಣು ಕಲಸಿ ಅರಿಷಿಣದ ಗಡ್ಡಿ ಇಟ್ಲು. ಮಣ್ಣಾಗ ಕಣ್ಣಿಗೆ ಕಾಣದ ಮಂದಿ ಇರ್ತಾರಂತ, ಬೇರಿಗೆ ಉಣಿಸ್ತಾರಂತ, ಗಡ್ಡಿ ಕೊಳೀದಂಗ ಕಾಯ್ತಾರಂತ. ಅದಕ್ಕ ಅವ್ರಿಗೆ ಬೆಲ್ಲ, ಹುಳಿಮಜ್ಜಿಗಿ, ಸಗಣಿ ನೀರಿನ ಊಟ! ನಮ್ಮ ಚಹಾಕ್ಕ ಬೆಲ್ಲ ಇಲ್ಲದಿದ್ರೂ ನಡೀತಿತ್ತು.

ಮಳಿ ಹತ್ತಿತು, ಡಬ್ಬಿಗೆ ನೊಣ ಮುತ್ತಿದ್ವು. ಗಟಾರಕ್ಕ ಹಾಕಾಕ ಪಂಚಾಯ್ತಿಯವ್ರು ಕೊಟ್ಟ ಬ್ಲೀಚಿಂಗ್ ಪೌಡರ್ ನನ್ನ ಕೈಯಾಗಿತ್ತು. ಸಾಲ್ಯಾಗ ಏಳನೇತ್ತಾ ಪಾಸಾದ ಶಾಣ್ಯಾಕಿ ನಾನು, ನೊಣ ಸಾಯ್ಲಿ ಅಂತ ಡಬ್ಬಿಗೂ ಎರಡು ಹಿಡಿ ಸುರುವಿದೆ. ವಾರದಾಗ ಮೊಳಕಿ ಸುಟ್ಟು ಗಡ್ಡಿ ಕೊಳೀತು.

ದೊಡ್ಡವ್ವ ಬೈಲಿಲ್ಲ. ಅವತ್ತು ಒಲಿ ಹಚ್ಚಲಿಲ್ಲ, ಅಷ್ಟ. ಬಾಜೂ ಮನಿ ಬೀಬಿ ಗಾಬರಿಯಾಗಿ ಬಂದು ಯಾರು ಹೋದ್ರಂತ ಕೇಳಿದ್ಲು.

"ಎಣಿಸಾಕ ಬರೂದಿಲ್ಲವ್ವಾ, ಭಾಳ ಮಂದಿ," ಅಂದ್ಲು ದೊಡ್ಡವ್ವ.

ಮರುದಿನ ಜ್ವಾಳದ ಗಡಿಗಿಯೊಳಗಿಂದ ಉಳದರ್ಧ ಗಂಟು ತಗದ್ಲು. ಇದೂ ಹೋದ್ರ ಮುಗೀತು, ಈ ಮಣ್ಣು ತಂದ ಹಿತ್ತಲ ಈಗ ಮಾರಾಟ ಆಗೇತಿ ಅಂದ್ಲು. ಯಾರ ಹಿತ್ತಲಂತ ನಾನೂ ಕೇಳಲಿಲ್ಲ. ಹೊಸ ಡಬ್ಬಿಗೆ ಹೊಸ ಗಡ್ಡಿ ಬಿತ್ತು. ಅವತ್ತಿಂದ ನಾನ ಬೆಲ್ಲದ ನೀರು ಹಾಕಿ, "ಉಣ್ರೆಪ್ಪಾ, ತಪ್ಪಾತು," ಅಂತಿದ್ದೆ. ಉಂಡ್ರು ಖರೇ. ಎಲಿ ನನ್ನ ಸೊಂಟದ ಮಟಾ ಬಂದ್ವು. ಮಾಗಿ ಚಳಿಯಾಗ ಡಬ್ಬಿ ಬೋರಲ ಹಾಕಿದ್ರ ಬುಟ್ಟಿ ತುಂಬ ಅರಿಷಿಣ!

ಮದುವಿ ಹಿಂದಿನ ದಿನ ಅದನ್ನ ತೇದು ದೊಡ್ಡವ್ವ ನನ್ನ ಗಲ್ಲಕ್ಕ ಹಚ್ಚಾಕತ್ತಿದ್ಲು.

"ಆ ಮಣ್ಣು ನಿಮ್ಮವ್ವನ ಹಿತ್ತಲದ್ದು. ಆಕಿ ಅರಿಷಿಣ ಬೆಳೀತಿದ್ದ ಜಾಗಾ," ಅಂದ್ಲು. "ನಾ ಅಲ್ಲ, ಆಕೀನ ಹಚ್ಚಾಕತ್ತಾಳ ಅನ್ಕೊ."

ಅರಿಷಿಣ ಕಣ್ಣಾಗ ಹೋತಂತ ಸುಳ್ಳು ಹೇಳಿ ಭಾಳ ಅತ್ತೆ. ಆಮ್ಯಾಲ ಎಲ್ಲಾರೂ ಮುಖ ತೊಳಕೊ ಅಂದ್ರು. ನನಗ ಮನಸ್ಸ ಬರಲಿಲ್ಲ.