ನೀರು ಕೇಳದ ಹೂಗಳ ಯಜಮಾನ

ನಮ್ಮ ಭಾವನಿಗೆ ಹುಚ್ಚಿಲ್ಲ. ಇದನ್ನು ನಾನು ಆಣೆಯಿಟ್ಟು ಹೇಳಬಲ್ಲೆ. ಹುಚ್ಚಾಗಿದ್ದರೆ ಮದ್ದು ಮಾಡಬಹುದಿತ್ತು. ಆಗ ಪ್ರತಿ ಭಾನುವಾರ ಬಂಟ್ವಾಳದಲ್ಲಿ ಮೂಡಬಿದಿರೆ ಬಸ್ಸು ಹತ್ತಿ, ಸಿದ್ಧಕಟ್ಟೆ ದಾಟಿ ಇಳಿದು, ಅಕ್ಕನ ಕೈಯ ನೀರುದೋಸೆ ಬಾಯಿಗೆ ಬೀಳುವ ಮುನ್ನ ಒಂದು ಗಂಟೆ ಕಾಲ ಬಿಸಿಲಲ್ಲಿ ನಿಂತು ಭಾವನ ಹೂವಿನ ಪಾತಿಯನ್ನು ನೋಡುವ ಕರ್ಮ ನನಗೆ ತಪ್ಪುತ್ತಿತ್ತು. ಸುಮ್ಮನೆ ನೋಡಿದರೆ ಸಾಲದು, ತಲೆಯನ್ನೂ ಆಡಿಸಬೇಕು! ಅದನ್ನು ತೋಟ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ‘ಸಂಯೋಜನೆ’ ಎನ್ನಬೇಕು.

ಭಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆಯ ರೂಢಿಯಂತೆ ಅವರೂ ನನ್ನನ್ನು ಭಾವ ಎಂದೇ ಕರೆಯುವುದು. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತ ಮಾಸ್ಟ್ರುಗಳಿಗೆ ನಮ್ಮ ಕಡೆ ಮಾಡಲು ಬೇಕಾದಷ್ಟು ಸಭ್ಯ ಕೆಲಸಗಳುಂಟು. ತಾಳಮದ್ದಳೆಯಲ್ಲಿ ಅರ್ಥ ಹೇಳಬಹುದು, ಸಹಕಾರಿ ಸಂಘದ ಚುನಾವಣೆಗೆ ನಿಂತು ಸೋಲಬಹುದು, ಏನೂ ಇಲ್ಲದಿದ್ದರೆ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಕುಳಿತು ತಮ್ಮ ರಕ್ತದೊತ್ತಡದ ಚರಿತ್ರೆಯನ್ನು ವಿವರಿಸಬಹುದು. ಭಾವ ಈ ಎಲ್ಲ ಸನ್ಮಾರ್ಗಗಳನ್ನೂ ತಿರಸ್ಕರಿಸಿ, ಗೇಟಿನಿಂದ ಜಗಲಿಯವರೆಗಿನ ನಲವತ್ತಡಿ ಉದ್ದದ, ಎಂಟಡಿ ಅಗಲದ ಬೋಳು ಮುರಕಲ್ಲಿನ ನೆಲವನ್ನು ಹಿಡಿದುಕೊಂಡರು. ಮರದ ನೆರಳು ಕೂಡ ಕಾಲಿಡಲು ಹೆದರುವ ಜಾಗ ಅದು. ಮಾರ್ಚಿಯಲ್ಲಿ ಅಲ್ಲಿ ಹಪ್ಪಳ ಹರವಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಮರೆತರೆ ಸುಟ್ಟೇ ಬಿಡುತ್ತದೆ!

ಅಂಥಲ್ಲಿ ಜೇನು, ಚಿಟ್ಟೆ, ದುಂಬಿಗಳಿಗಾಗಿ ಹೂ ಬೆಳೆಸುವುದು. ಒಮ್ಮೆ ನೆಟ್ಟರೆ ವರ್ಷ ವರ್ಷವೂ ತಾನಾಗಿ ಬದುಕುವ ಗಿಡಗಳನ್ನೇ ನೆಡುವುದು. ಕಡು ಬೇಸಗೆಯಲ್ಲೂ ಒಂದು ಚೊಂಬು ನೀರು ಹಾಕದಿರುವುದು. ಇದು ಅವರ ಮಹಾಯೋಜನೆ.

ಮೊದಲು ಬಿಸಿಲಿನ ಅಳತೆ ಆಯಿತು. ಬೆಳಗಿನ ಆರರಿಂದ ಸಂಜೆ ಆರರವರೆಗೆ ಭಾವ ಚಾರ್ಟ್ ಪೇಪರ್ ಹಿಡಿದು ಅಂಗಳದಲ್ಲಿ ನಿಂತರು. ಗಂಟೆಗೊಮ್ಮೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ. ಕೈಯಲ್ಲಿ ಕೊಡೆಯಿತ್ತು. ಆದರೆ ಬಿಡಿಸಿದರೆ ಕೊಡೆಯ ನೆರಳು ಅಳತೆಯನ್ನು ಕೆಡಿಸುತ್ತದಲ್ಲ? ಆದ್ದರಿಂದ ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನಾಲ್ಕು ದಿನ ಬೆಂದರು. ಐದನೆಯ ದಿನ ನನ್ನನ್ನು ಕರೆಸಿ, ನಕ್ಷೆ ಬಿಡಿಸಿ, ಫಲಿತಾಂಶವನ್ನು ಘೋಷಿಸಿದರು: “ಇಲ್ಲಿ ಪೂರ್ತಿ ಬಿಸಿಲು ಬೀಳ್ತದೆ, ಭಾವ.”

ಅಕ್ಕ ಇದನ್ನು ಮೂವತ್ತು ವರ್ಷಗಳ ಹಿಂದೆಯೇ ಕಂಡುಹಿಡಿದಿದ್ದಳು. ಅಲ್ಲಿ ಬಟ್ಟೆ ಒಣಗಿಸುತ್ತಿದ್ದಳು.

ಮೊದಲ ವರ್ಷದ ಗಿಡಗಳು ಮೊಬೈಲಿನಿಂದ ಇಳಿದವು. ಯಾವುದೋ ದೇಶದ ಅಜ್ಜಿಯೊಬ್ಬಳು ಕಲ್ಲುಗಳ ನಡುವೆ ಲ್ಯಾವೆಂಡರ್ ಬೆಳೆಸಿ, ಮೊಣಕಾಲೂರಿ ಕುಳಿತು ನಗುವುದನ್ನು ಭಾವ ನೋಡಿಬಿಟ್ಟರು. ಬರಗಾಲಕ್ಕೆ ಜಗ್ಗದ ಗಿಡವಂತೆ! ಪಾರ್ಸೆಲ್ಲಿನಲ್ಲಿ ಡಜನುಗಟ್ಟಲೆ ಬಂದಿಳಿಯಿತು. ಜೊತೆಗೆ ಪರಿಚಯದವರಿಂದ ತುಡುವೆ ಜೇನಿನ ಒಂದು ಕುಟುಂಬ, ಪೆಟ್ಟಿಗೆ ಸಮೇತ. ನಿಜ ಹೇಳಬೇಕು, ಆ ಗಿಡಗಳು ಏಪ್ರಿಲಿನ ಬಿಸಿಲಿಗೆ ಜಗ್ಗಲೇ ಇಲ್ಲ. ಜಗ್ಗಿದ್ದು ಜೇನು. ಸುಡುಬಿಸಿಲಲ್ಲಿ ಇಟ್ಟ ಪೆಟ್ಟಿಗೆಯನ್ನು ಮೇ ತಿಂಗಳ ಒಂದು ಬೆಳಿಗ್ಗೆ ಬಿಟ್ಟು, ಹೇಳದೆ ಕೇಳದೆ ಸಂಸಾರ ಸಮೇತ ಹೊರಟುಹೋಯಿತು. ಜೂನ್ ಬಂತು. ಗಿಡಗಳಿಗೆ ಬರಗಾಲ ಗೊತ್ತಿತ್ತು, ಬಂಟ್ವಾಳ ತಾಲೂಕಿನ ಜೂನ್ ಗೊತ್ತಿರಲಿಲ್ಲ. ಒಂದು ವಾರದ ಮಳೆಗೆ ಎಲ್ಲವೂ ಹಳಸಿದ ಗಂಜಿಯಂತಾದವು. ಬಾಯಾರಿ ಸಾಯದ ಗಿಡಗಳನ್ನು ಹುಡುಕಿ ತಂದು ಮುಳುಗಿಸಿ ಕೊಂದ ಕೀರ್ತಿ ಮೂರು ತಾಲೂಕುಗಳಲ್ಲಿ ನಮ್ಮ ಭಾವನೊಬ್ಬರದೇ.

ಅಕ್ಕನ ತಾಳ್ಮೆಗೂ ಅದೇ ಜೂನಿನಲ್ಲಿ ಬೇರು ಕೊಳೆಯಿತು.

“ನನಗೆ ಸಾಕಾಯ್ತು. ಪಕ್ಕದ ಹಾಜಿಯವರ ಅಂಗಳ ನೋಡಿ, ಇಂಟರ್‌ಲಾಕ್ ಕಲ್ಲು ಹಾಕಿಸಿ ಎಷ್ಟು ಚಂದ ಉಂಟು! ನಮ್ಮಲ್ಲಿ ಯಾರಾದ್ರೂ ಕಾರಲ್ಲಿ ಬಂದ್ರೆ ರಸ್ತೆಯಲ್ಲೇ ಇಳಿದು, ನಿಮ್ಮ ಈ ಕೆಸರನ್ನು ಹಾರಿಕೊಂಡು ಬರ್ಬೇಕು.”

“ಒಂದು ವರ್ಷ ಕೊಡು. ಜೇನನ್ನು ನಿಲ್ಲಿಸಿ ತೋರಿಸ್ತೇನೆ.”

“ಪೂರ್ತಿ ವರ್ಷ ಇಲ್ಲ. ಬರುವ ಪತ್ತನಾಜೆಯವರೆಗೆ. ಆ ದಿನ ಪೆಟ್ಟಿಗೆಯಲ್ಲಿ ಜೇನು ಇದ್ರೆ ಈ ಜಾಗ ನಿಮ್ಮದು, ನಾನು ಮತ್ತೆ ಬಾಯಿ ತೆರೆಯುವುದಿಲ್ಲ. ಇಲ್ಲದಿದ್ರೆ ಮರುದಿನವೇ ಎಲ್ಲ ಕಿತ್ತು ಇಂಟರ್‌ಲಾಕ್.”

ಪತ್ತನಾಜೆ ಎಂದರೆ ತುಳುವರ ಬೇಸ ತಿಂಗಳ ಹತ್ತನೆಯ ದಿನ, ನಮ್ಮ ಬೇಸಗೆಯ ಕೊನೆಯ ಗಡಿ. ಆ ದಿನ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ದೈವಗಳೇ ದಾಟದ ಗಡಿಯನ್ನು ಒಬ್ಬ ಡ್ರಾಯಿಂಗ್ ಮಾಸ್ಟ್ರು ದಾಟುವುದುಂಟೆ? ಒಪ್ಪಿದರು. ತೀರ್ಪುಗಾರ ಯಾರೆಂದು ಪ್ರಶ್ನೆ ಬಂದಾಗ ಅಕ್ಕ ನನ್ನತ್ತ ಬೆರಳು ತೋರಿಸಿದಳು. “ಇವರು ಹೇಳಿದ್ರೆ ನಾನು ನಂಬುವುದಿಲ್ಲ, ನಾನು ಹೇಳಿದ್ರೆ ಇವರು ನಂಬುವುದಿಲ್ಲ. ನೀನು ಪೆಟ್ಟಿಗೆ ತೆರೆದು ನೋಡಿ ಹೇಳು.” ನ್ಯಾಯಾಧೀಶನ ಗಾಂಭೀರ್ಯದಿಂದ ನಾನು ಪದವಿಯನ್ನು ಸ್ವೀಕರಿಸಿದೆ. ಮನಸ್ಸಿನಲ್ಲೇ ತೀರ್ಪನ್ನೂ ಬರೆದಿಟ್ಟೆ. ಇಂಟರ್‌ಲಾಕಿನ ಬಣ್ಣ ಬೂದಿಯೋ ಕೆಂಪೋ ಎಂಬುದಷ್ಟೇ ಬಾಕಿ.

ಈಗ ಭಾವ ಹೊಸ ತತ್ತ್ವಕ್ಕೆ ಬಂದರು. ನಮ್ಮ ಮಳೆಗೂ ಕೊಳೆಯದ, ನಮ್ಮ ಬಿಸಿಲಿಗೂ ಸಾಯದ ಗಿಡ ಎಲ್ಲುಂಟು? ರಸ್ತೆ ಬದಿಯಲ್ಲುಂಟು! ಊರವರೆಲ್ಲ ಕೂಲಿ ಕೊಟ್ಟು ಕಡಿಸುವ ಪೊದೆಗಳನ್ನು ಭಾವ ಹುಡುಕಿಕೊಂಡು ಹೋಗಿ ತರತೊಡಗಿದರು. ಆಟಿ ತಿಂಗಳ ಜಡಿಮಳೆ ಕಳೆದು ಮೂಡಬಿದಿರೆಯಲ್ಲೊಂದು ಮದುವೆ. ಸ್ಕೂಟರಿನಲ್ಲಿ ಹಿಂದೆ ಕುಳಿತ ಪಾಪಿ ನಾನು. ದಾರಿಯಲ್ಲಿ ಏಳು ಸಲ ಗಾಡಿ ನಿಂತಿತು, ಏಳು ಸಲವೂ ಭಾವ ರೇಷ್ಮೆ ಶಾಲು ಸಮೇತ ಪೊದೆಯ ಹಿಂದೆ ಮರೆಯಾದರು. ಬೈಕಿನಲ್ಲಿ ಹೋಗುತ್ತಿದ್ದ ಹಳೆಯ ಶಿಷ್ಯನೊಬ್ಬ ನಿಲ್ಲಿಸಿ, ಬಹಳ ಮರುಕದಿಂದ ಕೇಳಿದ: “ಮಾಸ್ಟ್ರಿಗೆ ಶುಗರ್ ಜೋರುಂಟಾ?”

ಹಾಲ್‌ನಲ್ಲಿ ಭಾವ ಸಸಿ ತುಂಬಿದ ತಮ್ಮ ಒದ್ದೆ ಚೀಲವನ್ನು ಕುರ್ಚಿಯ ಕೆಳಗಿಟ್ಟು ಊಟಕ್ಕೆ ನಡೆದರು. ಹೆಣ್ಣಿನ ಚಿಕ್ಕಪ್ಪ ಆಗಲೇ ಒಂದು ಗಂಟೆಯಿಂದ ವೀಳ್ಯದೆಲೆಯ ಚೀಲಕ್ಕಾಗಿ ಪರದಾಡುತ್ತಿದ್ದರಂತೆ. ಒದ್ದೆ ಚೀಲ, ಒಳಗೆ ಹಸಿರು ಎಲೆ, ಇನ್ನೇನು ಬೇಕು? ಎತ್ತಿ ತಾಂಬೂಲದ ಹರಿವಾಣಕ್ಕೆ ಸುರಿದೇಬಿಟ್ಟರು. ಕೇಪುಳದ ನಾಲ್ಕು ಸಸಿ, ಗೋರಟೆಯ ಎರಡು, ಅರ್ಧ ಸೇರು ಮಣ್ಣು, ಒಂದು ಜೀವಂತ ಎರೆಹುಳ. ಭಾವ ಪಾಯಸದ ಕೈಯಲ್ಲೇ ಓಡಿಬಂದರು. ಕ್ಷಮೆ ಕೇಳುತ್ತಾರೆಂದು ಎಲ್ಲರೂ ಕಾದರು. ಭಾವ ಕೂಗಿದ್ದು: “ಬೇರು ಜಾಗ್ರತೆ!”

ಸಂಯೋಜನೆ ಸಿದ್ಧವಾಯಿತು. ನೀರು ನಿಲ್ಲದಂತೆ ಮಣ್ಣೂ ಕಲ್ಲುಚೂರೂ ಸೇರಿಸಿ ಇಳಿಜಾರಿನ ದಿಣ್ಣೆ. ಹಿಂದೆ ಎತ್ತರಕ್ಕೆ ನೆಕ್ಕಿ, ನಡುವೆ ಕೇಪುಳ ಮತ್ತು ಗೋರಟೆ, ಮುಂದೆ ಗಿಡ್ಡಕ್ಕೆ ನಿತ್ಯಪುಷ್ಪ, ಮೂಲೆಯಲ್ಲಿ ಎಕ್ಕ. ಎಕ್ಕ! ನಮ್ಮ ಹಿರಿಯರು ಯಾರನ್ನಾದರೂ ಶಪಿಸುವಾಗ ‘ನಿನ್ನ ಮನೆಯಲ್ಲಿ ಎಕ್ಕ ಹುಟ್ಟಲಿ’ ಎನ್ನುತ್ತಿದ್ದರು. ಆ ಶಾಪವನ್ನು ಗುಂಡಿ ತೋಡಿ, ಕೋಲು ಕೊಟ್ಟು, ತಾನೇ ನೆಟ್ಟುಕೊಂಡ ಮಹಾನುಭಾವರನ್ನು ನಾನು ಬೇರೆ ಕಂಡಿಲ್ಲ.

“ಒಂದು ಕೆಂಪು ಡೇಲಿಯಾವಾದ್ರೂ ನೆಡಿ,” ಎಂದಳು ಅಕ್ಕ.

“ಜೇನಿಗೆ ಕೆಂಪು ಬಣ್ಣ ಕಾಣುವುದಿಲ್ಲ.”

“ನನಗೆ ಕಾಣ್ತದಲ್ಲ!”

ಡೇಲಿಯಾಕ್ಕೆ ನೀರು ಬೇಕು ಎಂದು ಭಾವ ಮಾತು ಮುಗಿಸಿದರು.

ದೀಪಾವಳಿ ಕಳೆದು ಬೆಳ್ತಂಗಡಿ ಕಡೆಯಿಂದ ಎರಡನೆಯ ಜೇನು ಕುಟುಂಬ ಬಂತು. ಈ ಸಲ ಪೆಟ್ಟಿಗೆಗೆ ತೆಂಗಿನ ಮಡಲಿನ ಚಪ್ಪರ, ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು. ಇಡೀ ಅಂಗಳದಲ್ಲಿ ನೀರು ಕಂಡ ಜಾಗ ಅದೊಂದೇ. ಭಾವನ ಲೆಕ್ಕಾಚಾರ ಹೀಗಿತ್ತು: ಫೆಬ್ರವರಿ, ಮಾರ್ಚಿಯಲ್ಲಿ ಸುತ್ತಲಿನ ರಬ್ಬರ್ ತೋಟಗಳು ಜೇನಿಗೆ ಸಂತರ್ಪಣೆ ನಡೆಸುತ್ತವೆ. ಅಲ್ಲಿ ಎಲೆ ಎತ್ತಿದ ಮೇಲೆ ಮಳೆಗಾಲದವರೆಗೆ ಊಟ ಹಾಕಬೇಕಾದದ್ದು ನಮ್ಮ ಸಂಯೋಜನೆ. ಕೇಳಿದರೆ ಯಾವುದೋ ಮಠದ ವ್ಯವಸ್ಥೆ ಎನ್ನಬೇಕು!

ಮಾರ್ಚಿಯಲ್ಲಿ ಆ ಪಟ್ಟಿಯನ್ನು ನೋಡಬೇಕಿತ್ತು. ನೆಕ್ಕಿ ಧೂಳು ಹಿಡಿದಿತ್ತು, ನಿತ್ಯಪುಷ್ಪದ ಎಲೆ ಮಧ್ಯಾಹ್ನಕ್ಕೆ ಮುದುರುತ್ತಿತ್ತು. ಕನಿಕರ ತಡೆಯದೆ ಅಕ್ಕ ಒಂದು ದಿನ ಅಕ್ಕಿ ತೊಳೆದ ನೀರನ್ನು ಒಂದು ಬುಡಕ್ಕೆ ಹೊಯ್ದಳು. ಸಂಜೆ ಭಾವ ಅಲ್ಲಿ ಬಗ್ಗಿ, ಮಣ್ಣು ಮುಟ್ಟಿ, ಕಳವು ಪತ್ತೆಯಾದವರ ಧ್ವನಿಯಲ್ಲಿ ಕೂಗಿದರು: “ಇಲ್ಲಿ ಯಾರೋ ನೀರು ಹಾಕಿದ್ದಾರೆ!” ಅಭ್ಯಾಸ ಕೆಡುತ್ತದಂತೆ. ಗಿಡಕ್ಕೆ!

ಪಕ್ಕದ ಹಾಜಿಯವರು ಮೂವತ್ತು ವರ್ಷ ದುಬಾಯಿಯಲ್ಲಿದ್ದು ಮರಳಿದವರು. ಗೋಡೆಗೆ ಮೊಣಕೈಯೂರಿ ಇದನ್ನೆಲ್ಲ ನೋಡುವುದು ಅವರ ಸಂಜೆಯ ಕಾರ್ಯಕ್ರಮ. “ಮಾಸ್ಟ್ರೇ, ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಅಲ್ಲಿ ಅವರು ಮರುಭೂಮಿಗೆ ಪೈಪಲ್ಲಿ ನೀರು ತಂದು ಹೂ ಮಾಡಿದ್ರು. ನೀವು ಬಾವಿಯಲ್ಲಿ ನೀರು ಇಟ್ಟುಕೊಂಡು ಮರುಭೂಮಿ ಮಾಡಿದ್ರಲ್ಲ ಮಾರಾಯ್ರೆ!”

ಭಾವ ನಗಲಿಲ್ಲ. ಹಾಜಿಯವರು ಒಳಗೆ ಹೋದ ಮೇಲೆ ನಾನೂ ಕುಟುಕಿದೆ: “ಇಷ್ಟು ಒದ್ದಾಟ ಎಂತಕ್ಕೆ ಭಾವ? ಇಂಟರ್‌ಲಾಕ್ ಹಾಕಿಸಿ, ಅದರ ಮೇಲೆ ಬೇಕಾದ ಚಿತ್ರ ಬರೀರಿ.”

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. “ಮೂವತ್ತಮೂರು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ ಭಾವ. ಗಂಟೆ ಹೊಡೆದ ಕೂಡಲೇ ಗಣಿತದವರು ಬಂದು ಒರೆಸ್ತಿದ್ರು. ಪರೀಕ್ಷೆ ಹತ್ತಿರ ಬಂದ್ರೆ ನನ್ನ ಪಿರಿಯಡ್ಡೇ ಅವರಿಗೆ. ಒಂದನ್ನಾದ್ರೂ ಒರೆಸದೆ ಬಿಟ್ರೆ ಹೇಗಿರ್ತದೆ ಅಂತ ನೋಡ್ಬೇಕಿತ್ತು.”

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಪತ್ತನಾಜೆಯ ದಿನ ನಾನು ತಲುಪಿದಾಗ ಹತ್ತು ಗಂಟೆ. ಗೇಟು ತೆರೆದವನು ಅಲ್ಲೇ ನಿಂತೆ. ಎರಡು ಬೇಸಗೆ ಮಳೆ ಚೆಲ್ಲಿ ಹೋಗಿದ್ದವು, ಅಷ್ಟಕ್ಕೇ ಆ ಪಟ್ಟಿ ಮೈತುಂಬ ಹೂ ಬಿಟ್ಟಿತ್ತು. ನೆಕ್ಕಿಯ ನೀಲಿ ಗೊಂಚಲುಗಳಲ್ಲಿ ಹೆಸರು ಗೊತ್ತಿಲ್ಲದ ಸಣ್ಣ ಹುಳಗಳು ಗುಂಯ್‌ಗುಡುತ್ತಿದ್ದವು. ಎಕ್ಕದ ಮೇಲೆ ಕರಿ ದುಂಬಿಗಳು, ಕೇಪುಳದ ತುಂಬ ಚಿಟ್ಟೆಗಳು. ಕರೆಯದೆ ಬಂದ ನೆಂಟರೇ ಎಲ್ಲ. ಪೆಟ್ಟಿಗೆಯ ಬಾಗಿಲಲ್ಲಿ ಮಾತ್ರ ಒಂದು ಹುಳವೂ ಓಡಾಡುತ್ತಿರಲಿಲ್ಲ.

ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ದೂರದಲ್ಲಿ ನಿಂತಿದ್ದರು. ಪೆಟ್ಟಿಗೆಯ ಕಡೆ ನೋಡದೆ ತಮ್ಮ ಚಪ್ಪಲಿಯನ್ನು ನೋಡುತ್ತಿದ್ದರು. “ಇದ್ದದ್ದನ್ನು ಹೇಳು ಭಾವ,” ಎಂದರು. ಅವರಿಗೆ ಗೊತ್ತಿತ್ತು.

ಮುಚ್ಚಳ ಎತ್ತಿದೆ. ಒಳಗೆ ಖಾಲಿ ಜೇನೆರಿಗಳು, ಮೇಣದ ಹುಳ ಕಟ್ಟಿದ ಬಲೆ, ನಾಲ್ಕಾರು ಒಣಗಿದ ರೆಕ್ಕೆ. ಹೋಗಿ ವಾರವಾದರೂ ಆಗಿರಬೇಕು. ಒಂದು ವರ್ಷದಿಂದ ನಾನು ಬರೆದಿಟ್ಟುಕೊಂಡಿದ್ದ ತೀರ್ಪು ನಾಲಗೆಯ ತುದಿಯಲ್ಲಿತ್ತು. ಗೋಡೆಯಾಚೆಯಿಂದ ಹಾಜಿಯವರು ಫೋನು ಹಿಡಿದುಕೊಂಡೇ ಕೇಳಿದರು: “ಇಂಟರ್‌ಲಾಕಿನವ ಲೈನಲ್ಲಿದ್ದಾನೆ. ನಾಳೆ ಬರ್ಬೇಕಾ ಅಂತ ಕೇಳ್ತಾನೆ.”

ಅಷ್ಟರಲ್ಲಿ ಅಕ್ಕ ಜಗಲಿಯಿಂದ ಇಳಿದು ಬಂದಳು. ನನ್ನ ಪಕ್ಕದಲ್ಲಿ ಬಗ್ಗಿ ಪೆಟ್ಟಿಗೆಯೊಳಗೆ ನೋಡಿದಳು. ನಾನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡು, ತಾನೇ ಮುಚ್ಚಿ, ನನ್ನ ಮುಖವನ್ನು ನೇರ ನೋಡುತ್ತ ಗಟ್ಟಿಯಾಗಿ ಹೇಳಿದಳು:

“ಉಂಟಲ್ಲ?”

ಚಿಕ್ಕಂದಿನಲ್ಲಿ ನನಗೆ ಅಕ್ಷರ ತಿದ್ದಿಸಿದವಳು ಅವಳು. ಆ ಕಣ್ಣಿನ ಅರ್ಥ ನನಗೆ ಗೊತ್ತು.

“ಉಂಟು,” ಎಂದೆ. ಮತ್ತೊಮ್ಮೆ ಹೇಳಿದೆ. “ತುಂಬ ಉಂಟು.”

ಗೋಡೆಯ ಮೇಲಿಂದ ಹಾಜಿಯವರಿಗೆ ಪೆಟ್ಟಿಗೆಯ ಒಳಗೆಲ್ಲ ಚೆನ್ನಾಗಿ ಕಂಡಿತ್ತು. ಅವರು ನಮ್ಮಿಬ್ಬರನ್ನು ನೋಡಿದರು, ಭಾವನನ್ನು ನೋಡಿದರು. ಮತ್ತೆ ಫೋನಿಗೆ ಬಾಯಿಟ್ಟು, “ಬರುವುದು ಬೇಡ ಮಾರಾಯ. ಇಲ್ಲಿ ರಾಶಿ ಜೇನುಂಟು, ಕಚ್ತದೆ,” ಎಂದು ಇಟ್ಟುಬಿಟ್ಟರು.

ಭಾವ ತಲೆಯೆತ್ತಿದರು. ಪೆಟ್ಟಿಗೆಯ ಹತ್ತಿರ ಬರಲಿಲ್ಲ, ಮುಚ್ಚಳ ತೆಗೆದು ನೋಡಲೂ ಇಲ್ಲ. ನಮಗೆ ಬೆನ್ನು ಹಾಕಿ ನೆಕ್ಕಿಯ ಗೊಂಚಲುಗಳ ಕಡೆ ತಿರುಗಿ ನಿಂತರು. ಇಸ್ತ್ರಿಯ ಅಂಗಿಯ ಹೆಗಲು ಸಣ್ಣಗೆ ಅಲುಗುತ್ತಿತ್ತು. ಅಕ್ಕ ಹೋಗಿ ಅವರ ಪಕ್ಕದಲ್ಲಿ ನಿಂತಳು. ಆ ಸುಡುಬಿಸಿಲಲ್ಲಿ, ತಲೆಗೆ ಸೆರಗು ಕೂಡ ಎಳೆದುಕೊಳ್ಳದೆ.